ಮೂರಡಿ ಅಕ್ವೇರಿಯಂಗೆ ಮರದ ಸ್ಟ್ಯಾಂಡ್: ಅಳತೆಯಿಂದ ನೀರು ತುಂಬಿಸುವವರೆಗೆ

ನನ್ನ ಮೊದಲ ಅಕ್ವೇರಿಯಂನ ಸ್ಟ್ಯಾಂಡನ್ನು ತೊಟ್ಟಿಯ ಜೊತೆಯಲ್ಲೇ ಅಂಗಡಿಯಿಂದ ತಂದಿದ್ದೆ. ನೋಡಲು ತೇಗದಂತೆ ಕಾಣುತ್ತಿದ್ದ ಅದರ ಮೈಗೆ ಇದ್ದದ್ದು ಕಾಗದದಷ್ಟು ತೆಳುವಾದ ಹೊದಿಕೆ ಮಾತ್ರ. ಒಳಗೆಲ್ಲ ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಎಡಗಡೆಯ ಬಾಗಿಲು ಹಿಡಿಯತೊಡಗಿತು. ಬಗ್ಗಿ ನೋಡಿದರೆ ತಳದ ಅಂಚು ಚಹಾದಲ್ಲಿ ಅದ್ದಿದ ರಸ್ಕಿನಂತೆ ಉಬ್ಬಿಕೊಂಡು, ಉಗುರಿನಿಂದ ಕೆರೆದರೆ ಉದುರುವ ಸ್ಥಿತಿಗೆ ಬಂದಿತ್ತು. ತೊಟ್ಟಿಯಿಂದ ಒಂದು ಹನಿಯೂ ಸೋರಿರಲಿಲ್ಲ. ದಿನಬೆಳಗಾದರೆ ನೆಲ ಒರೆಸುವಾಗ ಸ್ಟ್ಯಾಂಡಿನ ಬುಡದಲ್ಲಿ ನಿಲ್ಲುತ್ತಿದ್ದ ಚಮಚದಷ್ಟು ನೀರೇ ಅದನ್ನು ಒಂದೂವರೆ ವರ್ಷದಲ್ಲಿ ತಿಂದು ಹಾಕಿತ್ತು.

ಆಮೇಲೆ ನಾನೇ ಮಾಡಿಕೊಂಡ ಸ್ಟ್ಯಾಂಡಿನ ಅಳತೆಗಳನ್ನೂ ಕ್ರಮವನ್ನೂ ಇಲ್ಲಿ ವಿವರವಾಗಿ ಬರೆದಿದ್ದೇನೆ. ಇದು 3 ಅಡಿ ಉದ್ದ, 1½ ಅಡಿ ಅಗಲ, 1½ ಅಡಿ ಎತ್ತರದ ತೊಟ್ಟಿಗೆ ಹೊಂದುವಂಥದ್ದು. ಡ್ರಿಲ್ ಹಿಡಿದು ಅಭ್ಯಾಸವಿದ್ದು, ಮೂಲೆಮಟ್ಟ ಇಟ್ಟು ಗೆರೆ ಎಳೆಯಲು ಬರುವ ಯಾರಾದರೂ ಮೂರು ನಾಲ್ಕು ವಾರಾಂತ್ಯಗಳಲ್ಲಿ ಇದನ್ನು ಮುಗಿಸಬಹುದು; ಆ ಅಭ್ಯಾಸ ಇಲ್ಲದವರು ಇದೇ ಅಳತೆಗಳನ್ನು ಬಡಗಿಯ ಕೈಗೆ ಕೊಟ್ಟು ಮಾಡಿಸಬಹುದು.

ಮೊದಲು ತೂಕದ ಲೆಕ್ಕ

ಈ ಅಳತೆಯ ತೊಟ್ಟಿಯ ಹೊರಗಾತ್ರ 6.75 ಘನ ಅಡಿ, ಅಂದರೆ ಸುಮಾರು 191 ಲೀಟರ್. ಗಾಜಿನ ದಪ್ಪ, ತಳದ ಜಲ್ಲಿ, ಮೇಲೆ ಬಿಡುವ ಖಾಲಿ ಜಾಗ ಇವನ್ನೆಲ್ಲ ಕಳೆದರೆ ನಿಜವಾಗಿ ಹಿಡಿಯುವ ನೀರು 150 ಲೀಟರಿನ ಆಸುಪಾಸು, ತೂಕ 150 ಕೆ.ಜಿ. ಗಾಜು 8 ಮಿ.ಮೀ. ದಪ್ಪದ್ದಾದರೆ ಚದರ ಮೀಟರಿಗೆ 20 ಕೆ.ಜಿ. ತೂಗುತ್ತದೆ, ಐದು ಹಲಗೆಗಳು ಸೇರಿ 18 ಚದರ ಅಡಿ, ಸುಮಾರು 33 ಕೆ.ಜಿ. ಎರಡು ಇಂಚು ಜಲ್ಲಿ ಹರಡಿದರೆ ಮತ್ತೆ 35 ಕೆ.ಜಿ., ಕಲ್ಲು, ಕೊರಡು, ಫಿಲ್ಟರು ಎಂದು ಹತ್ತು ಹದಿನೈದು. ಗಟ್ಟಿಮರದ ಸ್ಟ್ಯಾಂಡೇ 60 ಕೆ.ಜಿ. ಹತ್ತಿರ ಬರುತ್ತದೆ. ಒಟ್ಟಿನಲ್ಲಿ ನೆಲದ ಮೇಲೆ ಕೂರುವುದು 300 ಕೆ.ಜಿ. ಎಂದು ಹಿಡಿದುಕೊಳ್ಳಿ.

ನಿಮ್ಮ ತೊಟ್ಟಿ ಬೇರೆ ಅಳತೆಯದಾದರೆ ಇದೇ ಲೆಕ್ಕವನ್ನು ಮತ್ತೆ ಹಾಕಿ. ಉದ್ದ, ಅಗಲ, ಎತ್ತರಗಳನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರು ಸಿಗುತ್ತದೆ.

ಎಲ್ಲಿ ಇಡುವುದು

ಮನೆಗಳ ಕೋಣೆಯ ನೆಲವನ್ನು ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಹೆಚ್ಚುಕಡಿಮೆ 200 ಕೆ.ಜಿ. ಹೊರೆಗೆ ವಿನ್ಯಾಸ ಮಾಡಬೇಕೆಂದು ಭಾರತೀಯ ಮಾನಕ ಐಎಸ್ 875ರ ಎರಡನೆಯ ಭಾಗ ಹೇಳುತ್ತದೆ. ನಮ್ಮ ಸ್ಟ್ಯಾಂಡು ಆವರಿಸುವ ಜಾಗ 0.42 ಚದರ ಮೀಟರ್ ಮಾತ್ರ. ಆದ್ದರಿಂದ ಅಷ್ಟೇ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಹೊರೆ ಮೂರು ಪಟ್ಟಿಗಿಂತ ಹೆಚ್ಚಾಗಿ ಕಂಡು ಗಾಬರಿಯಾಗುತ್ತದೆ. ಆ ಮಾನಕದ ಅಂಕಿ ಇಡೀ ಕೋಣೆಯ ಮೇಲೆ ಹರಡಿದ ಹೊರೆಯದು, ನೆಲದ ಕಾಂಕ್ರೀಟ್ ಸ್ಲ್ಯಾಬು ಒಂದೆಡೆ ಬಿದ್ದ ಭಾರವನ್ನು ಅಕ್ಕಪಕ್ಕಕ್ಕೂ ಹಂಚುತ್ತದೆ. ಮೂಲೆಯಲ್ಲಿ ಒತ್ತಾಗಿ ನಿಂತ ನಾಲ್ಕೈದು ಜನರ ತೂಕ ಇದು. ಆದರೂ ತೊಟ್ಟಿಯನ್ನು ಕೋಣೆಯ ನಡುವಿಗೆ ತರದೆ, ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ, ಗೋಡೆಯ ಉದ್ದಕ್ಕೆ ಇಡುವುದೇ ಸರಿ. ನಾಲ್ಕಡಿ ದಾಟಿದ ತೊಟ್ಟಿಯನ್ನು ಮೇಲಿನ ಮಹಡಿಯಲ್ಲಿಡುವ ಮುಂಚೆ, ಅದರಲ್ಲೂ ಹಳೆಯ ಕಟ್ಟಡವಾದರೆ, ಸ್ಟ್ರಕ್ಚರಲ್ ಎಂಜಿನಿಯರರಿಗೆ ತೋರಿಸಿ. ಬಾಲ್ಕನಿ ಬೇಡವೇ ಬೇಡ: ಅಲ್ಲಿ ಮಳೆನೀರು ಹೋಗಲೆಂದು ನೆಲಕ್ಕೆ ಇಳಿಜಾರು ಕೊಟ್ಟಿರುತ್ತಾರೆ, ಬಿಸಿಲಿಗೆ ಪಾಚಿ ಬೇರೆ ಕಟ್ಟುತ್ತದೆ.

ಈಶಾನ್ಯದಲ್ಲಿ ನೀರಿರಲಿ ಎಂದು ಮನೆಯ ಹಿರಿಯರು ಹೇಳಿದರೆ, ಈಶಾನ್ಯದ ಗೋಡೆ ಗಟ್ಟಿಯಾಗಿದ್ದು ಅಲ್ಲಿ ಪ್ಲಗ್ ಪಾಯಿಂಟೂ ಇದ್ದರೆ ಜಗಳಕ್ಕೆ ಕಾರಣವೇ ಇಲ್ಲ. ಇಲ್ಲದಿದ್ದರೆ ಮಾತ್ರ ತೊಲೆಯ ಮಾತನ್ನೇ ಕೇಳಬೇಕಾಗುತ್ತದೆ.

ಜಾಗ ಗೊತ್ತಾದ ಮೇಲೆ ಅಲ್ಲಿನ ಟೈಲ್ಸುಗಳನ್ನು ಒಂದು ನಾಣ್ಯದಿಂದ ತಟ್ಟಿ ನೋಡಿ. ಗಟ್ಟಿಯಾಗಿ ಕೂತ ಟೈಲ್ಸು ಚಿಕ್ಕದಾದ ಗಡುಸು ಸದ್ದು ಮಾಡುತ್ತದೆ, ಕೆಳಗೆ ಗಾರೆ ತುಂಬದೆ ಪೊಳ್ಳಾಗಿದ್ದರೆ ಡಬ್ ಎನ್ನುತ್ತದೆ. ಕಂಬದ ಬುಡ ಬೀಳುವ ಕಡೆ ಪೊಳ್ಳು ಟೈಲ್ಸು ಇದ್ದರೆ ಅದು ಒಂದು ದಿನ ಬಿರಿದು, ಸ್ಟ್ಯಾಂಡು ಒಂದು ಮೂಲೆಗೆ ಕುಸಿಯುತ್ತದೆ. ಹಳೆಯ ಬಸವನಗುಡಿ, ಮಲ್ಲೇಶ್ವರದ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೆ ಈ ತೊಂದರೆ ಇಲ್ಲ, ಆದರೆ ಅದು ಮಟ್ಟವಾಗಿರುವುದು ಅಪರೂಪ. ಮೂರಡಿ ಉದ್ದದ ನೇರ ಪಟ್ಟಿಯ ಮೇಲೆ ರಸಮಟ್ಟ (ಸ್ಪಿರಿಟ್ ಲೆವೆಲ್) ಇಟ್ಟು ಎಲ್ಲಿ ಎಷ್ಟು ತಗ್ಗಿದೆ ಎಂದು ಈಗಲೇ ಗುರುತು ಹಾಕಿಕೊಳ್ಳಿ. ಗೋಡೆಗೂ ತೊಟ್ಟಿಗೂ ನಡುವೆ ಪೈಪು, ವೈರುಗಳಿಗಾಗಿ ಎರಡು ಇಂಚು ಬಿಡಬೇಕೆಂಬುದೂ ಲೆಕ್ಕದಲ್ಲಿರಲಿ.

ಭಾರ ಇಳಿಯುವ ದಾರಿ

ಮರ ಕೊಳ್ಳುವ ಮುಂಚೆ ತಲೆಯಲ್ಲಿ ಕೂರಬೇಕಾದ ವಿಷಯ ಇದೊಂದೇ: ತೊಟ್ಟಿಯ ತೂಕ ಮರದಿಂದ ಮರಕ್ಕೆ, ನೇರವಾಗಿ ನೆಲಕ್ಕೆ ಇಳಿಯಬೇಕು. ಮೊದಲ ಬಾರಿಗೆ ಮಾಡುವವರು ನಾಲ್ಕು ಕಂಬ ನಿಲ್ಲಿಸಿ, ಅವುಗಳ ಪಕ್ಕಕ್ಕೆ ಅಡ್ಡಪಟ್ಟಿಗಳನ್ನು ಸ್ಕ್ರೂ ಹಾಕಿ ಬಿಗಿದು, ಆ ಪಟ್ಟಿಗಳ ಮೇಲೆ ತೊಟ್ಟಿ ಕೂರಿಸುತ್ತಾರೆ. ಅಲ್ಲಿ ಇಡೀ ಭಾರ ನೇತಾಡುವುದು ಎಂಟು ಹತ್ತು ಸ್ಕ್ರೂಗಳ ಕುತ್ತಿಗೆಯ ಮೇಲೆ. ನಾನೂ ಅಂಥದೇ ನಕ್ಷೆಯನ್ನು ಬರೆದುಕೊಂಡು ಸಾಮಿಲ್ಲಿಗೆ ಹೋಗಿದ್ದೆ. ಅಲ್ಲಿ ಬಾಗಿಲ ಚೌಕಟ್ಟು ಕೆತ್ತುತ್ತಿದ್ದ ವಯಸ್ಸಾದ ಆಚಾರರೊಬ್ಬರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಸ್ಕ್ರೂ ಇರೋದು ಹಿಡ್ಕೊಳ್ಳೋಕೆ ಸಾರ್, ಹೊರೋಕಲ್ಲ" ಎಂದರು. ಕಾಗದವನ್ನು ಅಲ್ಲೇ ಹರಿದೆ.

ಹೊಸ ನಕ್ಷೆ ಹೀಗಿದೆ. ಕೆಳಗೊಂದು ಆಯತದ ಚೌಕಟ್ಟು, ಮೇಲೊಂದು ಅಂಥದೇ ಚೌಕಟ್ಟು. ಕಂಬಗಳು ಈ ಎರಡರ ನಡುವೆ, ಕೆಳಚೌಕಟ್ಟಿನ ನೆತ್ತಿಯ ಮೇಲೆ ನಿಂತು ಮೇಲಿನದನ್ನು ತಲೆಯ ಮೇಲೆ ಹೊರುತ್ತವೆ. ಎಲ್ಲ ಸ್ಕ್ರೂಗಳನ್ನು ಬಿಚ್ಚಿದರೂ, ಯಾರೂ ಅಲುಗಾಡಿಸದಿದ್ದರೆ, ತೊಟ್ಟಿ ಇದ್ದಲ್ಲೇ ಇರಬೇಕು. ನಿಮ್ಮ ನಕ್ಷೆ ಸರಿಯೇ ಎಂದು ನೋಡಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಅಡ್ಡಪಟ್ಟಿಗಳನ್ನು ಚಪ್ಪಟೆಯಾಗಿ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಬೇಕು. ಪಟ್ಟಿಯ ಬಿಗುವು ಅದರ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ, ಅಗಲಕ್ಕೆ ಬರೀ ನೇರವಾಗಿ. ಆದ್ದರಿಂದ 3 × 1½ ಇಂಚಿನ ಪಟ್ಟಿಯನ್ನು ನಿಲ್ಲಿಸಿದಾಗ ಬಾಗುವುದಕ್ಕಿಂತ ಮಲಗಿಸಿದಾಗ ನಾಲ್ಕು ಪಟ್ಟು ಬಾಗುತ್ತದೆ. ಗಟ್ಟಿಮರದಲ್ಲಿ, ಎರಡು ಕಂಬಗಳ ನಡುವಿನ 30 ಇಂಚಿನ ಅಂತರದಲ್ಲಿ, ನಿಂತ ಪಟ್ಟಿ ಈ ತೊಟ್ಟಿಯ ಭಾರಕ್ಕೆ ಅರ್ಧ ಮಿ.ಮೀ.ಗಿಂತ ಕಡಿಮೆ ಬಾಗುತ್ತದೆ. ಗಾಜಿಗೆ ಅಷ್ಟು ಸಹ್ಯ. ನಾಲ್ಕಡಿ ತೊಟ್ಟಿಗೆ ಇದೇ ನಕ್ಷೆಯನ್ನು ಬಳಸುವುದಾದರೆ ಪಟ್ಟಿಯ ಎತ್ತರವನ್ನು 4 ಇಂಚಿಗೆ ಏರಿಸಿ.

ಇನ್ನು ಕಂಬಗಳು ಮುರಿಯುವ ಭಯ ಬೇಡ. ಬೆಳೆದ ದಿಕ್ಕಿನಲ್ಲೇ ನಿಲ್ಲಿಸಿದ ಗಟ್ಟಿಮರದ ಮೂರಿಂಚು ಪಟ್ಟಿಯೊಂದು ಹಲವು ಟನ್ ಭಾರ ತಡೆಯುತ್ತದೆ. ಸ್ಟ್ಯಾಂಡುಗಳು ಕೆಡುವುದು ಮೂರೇ ಕಾರಣಕ್ಕೆ: ಕೂಡಿಕೆ ಸಡಿಲವಾಗಿ, ಪಕ್ಕಕ್ಕೆ ವಾಲಿ, ಇಲ್ಲವೇ ತಳ ನೀರು ಕುಡಿದು. ಮುಂದಿನ ಕೆಲಸವೆಲ್ಲ ಈ ಮೂರನ್ನು ತಡೆಯುವುದಕ್ಕಾಗಿ.

ಮರ, ಪ್ಲೈವುಡ್, ಸ್ಕ್ರೂ

ಬೆಂಗಳೂರಿನಲ್ಲಿ ಮರ ಬೇಕೆಂದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆಗೆ ಹೋಗುವುದು ವಾಡಿಕೆ. ಮಂಡಿಗಳೂ ಸಾಮಿಲ್ಲುಗಳೂ ಅಕ್ಕಪಕ್ಕದಲ್ಲೇ ಇರುವುದರಿಂದ ಕೊಂಡ ಮರವನ್ನು ಅಲ್ಲೇ ಸೀಳಿಸಿ, ಪ್ಲೇನಿಂಗ್ ಮಾಡಿಸಿ ತರಬಹುದು. ಮರವನ್ನು ಘನ ಅಡಿಯ ಲೆಕ್ಕದಲ್ಲಿ, ಅವರ ಬಾಯಲ್ಲಿ ಸಿಎಫ್‌ಟಿಯಲ್ಲಿ, ಮಾರುತ್ತಾರೆ.

ತೇಗ ಈ ಕೆಲಸಕ್ಕೆ ಅತ್ಯುತ್ತಮ, ಆದರೆ ಪ್ಲೈವುಡ್ಡಿನ ಹಿಂದೆ ಅಡಗುವ ಚೌಕಟ್ಟಿಗೆ ಆ ದುಡ್ಡು ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಮತ್ತಿ ಬಲವಾದದ್ದು, ಆದರೆ ಸರಿಯಾಗಿ ಒಣಗದಿದ್ದರೆ ಸೀಳು ಬಿಡುತ್ತದೆ, ಮನೆಯ ಡ್ರಿಲ್ಲಿಗೆ ಸುಲಭವಾಗಿ ಬಗ್ಗುವುದೂ ಇಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕ್ ಹಗುರ, ಕೆಲಸಕ್ಕೆ ಸಲೀಸು. ಅದನ್ನು ತೆಗೆದುಕೊಂಡರೆ ಪಟ್ಟಿಯ ಎತ್ತರವನ್ನು ಅರ್ಧ ಇಂಚು ಹೆಚ್ಚಿಸಿಕೊಂಡು, ಕಂಬಗಳನ್ನು ಇಲ್ಲಿ ಹೇಳಿರುವುದಕ್ಕಿಂತ ಒಂದು ಇಂಚು ಕಡಿಮೆ ಕತ್ತರಿಸಿ. ನಾನು ಆರಿಸಿದ್ದು ಹೊನ್ನೆ. ಬಾಗಿಲ ಚೌಕಟ್ಟುಗಳಿಗೆ ಬಹುಕಾಲದಿಂದ ಬಳಸುತ್ತ ಬಂದಿರುವ ಮರ, ಅದರ ಚೇಗು, ಅಂದರೆ ಒಳಗಿನ ಗಟ್ಟಿ ಭಾಗ, ಗೆದ್ದಲಿಗೆ ಸುಲಭವಾಗಿ ಸೋಲುವುದಿಲ್ಲ. ಒಂದೇ ತಕರಾರೆಂದರೆ ಒದ್ದೆಯಾದಾಗ ಬಣ್ಣ ಬಿಡುತ್ತದೆ. ಸಕ್ಕರೆ ಕಾಯಿಲೆಯವರು ಹೊನ್ನೆ ಲೋಟದಲ್ಲಿ ರಾತ್ರಿಯಿಡೀ ನೀರಿಟ್ಟು ಬೆಳಗ್ಗೆ ಕುಡಿಯುವುದನ್ನು ಕಂಡವರಿಗೆ ಆ ಬಣ್ಣದ ಪರಿಚಯವಿರುತ್ತದೆ. ಅದೇ ಕಂದು ನೀರು ಬಿಳಿ ಟೈಲ್ಸಿನ ಮೇಲೆ ಇಳಿದರೆ ಕಲೆ ಹೋಗಲಾಡಿಸಲು ಪಾಡುಪಡಬೇಕು. ಆದ್ದರಿಂದ ಹೊನ್ನೆಯ ಬುಡಕ್ಕೆ ಪಾಲಿಷ್ ತಪ್ಪಿಸುವಂತಿಲ್ಲ.

ಮಂಡಿಯಲ್ಲಿ ಪ್ರತಿ ಪಟ್ಟಿಯನ್ನೂ ಎತ್ತಿ, ಒಂದು ಕಣ್ಣು ಮುಚ್ಚಿ, ಉದ್ದಕ್ಕೆ ನೋಡಿ. ಬಿಲ್ಲಿನಂತೆ ಸ್ವಲ್ಪ ಬಾಗಿದ್ದರೆ ಚಿಕ್ಕ ತುಂಡುಗಳಿಗೆ ಆಗುತ್ತದೆ; ಹಗ್ಗದಂತೆ ತಿರುಚಿದ್ದರೆ ಯಾವುದಕ್ಕೂ ಆಗುವುದಿಲ್ಲ, ಅಲ್ಲೇ ಬಿಡಿ. ಅಂಚಿನಲ್ಲಿ ಬಿಳಿಮರ ಹೆಚ್ಚಾಗಿದ್ದರೆ ಹುಳು ಮೊದಲು ಹಿಡಿಯುವುದು ಅಲ್ಲಿಗೇ. ಮರ ಚೆನ್ನಾಗಿ ಒಣಗಿರಬೇಕು, ತೇವ ನೂರಕ್ಕೆ 12ರ ಸುತ್ತ ಇದ್ದರೆ ಒಳ್ಳೆಯದು; ತೇವ ಅಳೆಯುವ ಮೀಟರ್ ಇಲ್ಲದಿದ್ದರೆ ತಂದ ಪಟ್ಟಿಗಳನ್ನು ಮನೆಯೊಳಗೆ, ನಡುವೆ ಚಿಕ್ಕ ಕಡ್ಡಿಗಳನ್ನಿಟ್ಟು ಗಾಳಿಯಾಡುವಂತೆ ಒಟ್ಟಿ, ಎರಡು ಮೂರು ವಾರ ಬಿಡಿ. ಆಗಸ್ಟಿನ ಮಳೆಯಲ್ಲಿ ತಂದು ಅಂದೇ ಕೂಡಿಸಿದ ಚೌಕಟ್ಟು ಮಾರ್ಚಿನ ಒಣ ಗಾಳಿಗೆ ಸಂದು ಬಿಡುವುದರಲ್ಲಿ ಆಶ್ಚರ್ಯವಿಲ್ಲ. ಕೊಟ್ಟದ್ದು ಹೇಳಿದ ಮರವೇ ಎಂಬ ಅನುಮಾನ ದೊಡ್ಡ ಖರೀದಿಯಲ್ಲಿ ಬಂದರೆ, ಮಲ್ಲೇಶ್ವರ 18ನೇ ಕ್ರಾಸಿನಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಮರದ ಜಾತಿ ಗುರುತಿಸುವ ಕೆಲಸವನ್ನು ಬಲ್ಲದು. ಎರಡು ಘನ ಅಡಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ.

ಪ್ಲೈವುಡ್ಡಿನ ಮೇಲೆ ಐಎಸ್ 710 ಮುದ್ರೆ ಇರಲಿ. ಅದು ಮೆರೈನ್ ದರ್ಜೆ, ಪದರಗಳ ಅಂಟು ಕುದಿನೀರನ್ನೂ ತಡೆಯುವಂಥದ್ದು. ಅಗ್ಗವಾಗಿ ಸಿಗುವ ಎಂಆರ್ ದರ್ಜೆ ತೇವದ ಗಾಳಿಯನ್ನು ಸಹಿಸೀತು, ನಿಂತ ನೀರನ್ನಲ್ಲ. ಪಾರ್ಟಿಕಲ್ ಬೋರ್ಡಿನ ಕಥೆ ಆಗಲೇ ಹೇಳಿಯಾಯಿತು, ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್ ಕೂಡ ಬೇಡ. 8 × 4 ಅಡಿಯ ಹಲಗೆಗಳಲ್ಲಿ 18 ಮಿ.ಮೀ.ನದೊಂದು, 12 ಮಿ.ಮೀ.ನದೊಂದು ಸಾಕು.

ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ: 3 ಇಂಚು ಮತ್ತು 2½ ಇಂಚಿನವು ಚೌಕಟ್ಟಿಗೆ, 1¼ ಇಂಚಿನವು ಪ್ಲೈಗೆ. ಅಂಟು ನೀರು ತಡೆಯುವ ಬಗೆಯದೇ ಆಗಬೇಕು, ಡಬ್ಬಿಯ ಮೇಲೆ ಅದನ್ನು ಬರೆದಿರುತ್ತಾರೆ.

ಕತ್ತರಿಸುವ ಅಳತೆಗಳು

ಪ್ಲೇನಿಂಗ್ ಆದ ಮೇಲೆ 3 × 1½ ಇಂಚು ಉಳಿಯಬೇಕಾದ್ದರಿಂದ ಸಾಮಿಲ್ಲಿನಲ್ಲಿ 3¼ × 1¾ ಇಂಚಿಗೆ ಸೀಳಿಸಿ. ಈ ಪಟ್ಟಿಯಲ್ಲಿ 36 ಇಂಚಿನವು ನಾಲ್ಕು, 15 ಇಂಚಿನವು ಆರು, 23¼ ಇಂಚಿನವು ಒಂಬತ್ತು ಬೇಕು. ಇವಲ್ಲದೆ 1½ × 1½ ಇಂಚಿನ ಚೌಕ ರೀಪುಗಳು, 29¼ ಇಂಚು ಉದ್ದದವು ನಾಲ್ಕು. ತುಂಡು ತುಣುಕು ಹೋಗುವುದನ್ನೂ ಸೇರಿಸಿ ಎರಡು ಘನ ಅಡಿ ಮರ ತಂದರೆ ಸಾಲುತ್ತದೆ.

ದಪ್ಪ ಪ್ಲೈನಲ್ಲಿ ಮೇಲ್ಹಲಗೆ 37 × 19 ಇಂಚು, ಒಳಗಿನ ತಳಹಲಗೆ 36 × 18 ಇಂಚು, ಉಳಿದದ್ದು ಬಾಗಿಲುಗಳಿಗೆ. ತೆಳು ಪ್ಲೈನಲ್ಲಿ ಹಿಂಬದಿಗೆ 36 × 29¼ ಇಂಚು, ಎರಡು ಪಕ್ಕಗಳಿಗೆ 18½ × 29¼ ಇಂಚು. ಎಲ್ಲ ಸೇರಿದಾಗ ಎತ್ತರ 30 ಇಂಚು ಬರುತ್ತದೆ, ಸೋಫಾದಲ್ಲಿ ಕೂತವರಿಗೆ ಮೀನು ಕಣ್ಣಿನ ನೇರಕ್ಕೆ ಸಿಗುತ್ತದೆ, ನಿಂತು ಕೈ ಹಾಕಿದರೆ ತಳದ ಜಲ್ಲಿಯೂ ಎಟುಕುತ್ತದೆ.

ಒಂಬತ್ತು ಕಂಬದ ತುಂಡುಗಳನ್ನು ಒಂದೊಂದಾಗಿ ಟೇಪಿನಿಂದ ಅಳೆದು ಕೊಯ್ಯಬೇಡಿ. ಮೊದಲನೆಯದನ್ನು ಸರಿಯಾಗಿ ಕೊಯ್ದು, ಉಳಿದವಕ್ಕೆಲ್ಲ ಅದನ್ನೇ ಅಳತೆಗೋಲಾಗಿ ಇಟ್ಟು ಗೆರೆ ಹಾಕಿ. ಎರಡನೆಯದರಿಂದ ಮೂರನೆಯದನ್ನು, ಮೂರನೆಯದರಿಂದ ನಾಲ್ಕನೆಯದನ್ನು ಅಳೆಯಲು ಹೋದರೆ ಒಂಬತ್ತನೆಯದಕ್ಕೆ ಬರುವಾಗ ಎರಡು ಮಿ.ಮೀ. ಬೆಳೆದಿರುತ್ತದೆ. ಕೊಯ್ದಾದ ಮೇಲೆ ಒಂಬತ್ತನ್ನೂ ಮಟ್ಟವಾದ ನೆಲದ ಮೇಲೆ ಪಕ್ಕಪಕ್ಕ ನಿಲ್ಲಿಸಿ, ನೆತ್ತಿಯ ಮೇಲೆ ಅಂಗೈ ಎಳೆಯಿರಿ. ಕಣ್ಣಿಗೆ ಕಾಣದ ಏರುತಗ್ಗು ಕೈಗೆ ತಿಳಿಯುತ್ತದೆ. ಎತ್ತರವಾದದ್ದನ್ನು ಉಪ್ಪುಕಾಗದದಿಂದ ತಿಕ್ಕಿ ಇಳಿಸಿ.

ಚೌಕಟ್ಟು ಕೂಡಿಸುವುದು

ಮೊದಲು ಎರಡು ಆಯತಗಳು. 36 ಇಂಚಿನ ಎರಡು ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ 15 ಇಂಚಿನ ಮೂರು ಅಡ್ಡ ತುಂಡುಗಳನ್ನು, ಎರಡು ತುದಿಗೆ ಒಂದೊಂದು, ನಡುಮಧ್ಯಕ್ಕೆ ಒಂದು, ಸೇರಿಸಿದರೆ ಹೊರಗಿನ ಅಳತೆ 36 × 18 ಆಗುತ್ತದೆ. ಪ್ರತಿ ಕೂಡಿಕೆಗೂ ಅಂಟು ಹಚ್ಚಿ, 3 ಇಂಚಿನ ಎರಡೆರಡು ಸ್ಕ್ರೂ ಹಾಕಿ. ಹೊನ್ನೆಯಲ್ಲಿ ಮುಂಚಿತವಾಗಿ 3 ಮಿ.ಮೀ. ತೂತು ಕೊರೆಯದೆ ಸ್ಕ್ರೂ ಬಿಗಿದರೆ ಒಂದೋ ಮರ ಸೀಳುತ್ತದೆ, ಇಲ್ಲವೇ ಸ್ಕ್ರೂವಿನ ತಲೆ ಹಾರುತ್ತದೆ. ಹಳ್ಳಿಯ ಬಡಗಿಗಳು ಮಾಡುವಂತೆ ಸ್ಕ್ರೂವನ್ನು ಬಟ್ಟೆ ಸೋಪಿಗೆ ಒಮ್ಮೆ ತಿವಿದು ಬಿಗಿದರೆ ಬೆಣ್ಣೆಯಂತೆ ಇಳಿಯುತ್ತದೆ.

ಅಂಟು ಹಸಿಯಿರುವಾಗಲೇ ಎರಡೂ ಕರ್ಣಗಳನ್ನು ಅಳೆಯಿರಿ. ಎರಡೂ 40¼ ಇಂಚು ಇರಬೇಕು. ಒಂದು ಹೆಚ್ಚು ಒಂದು ಕಡಿಮೆ ಬಂದರೆ ಹೆಚ್ಚಿರುವ ಮೂಲೆಗಳನ್ನು ಕ್ಲಾಂಪಿನಿಂದ ಒತ್ತಿ ಸರಿಮಾಡಿ. ಆಮೇಲೆ ಕರ್ಣಗಳ ಮೇಲೆ ಎರಡು ದಾರಗಳನ್ನು ಮೂಲೆಯಿಂದ ಮೂಲೆಗೆ ಬಿಗಿಯಾಗಿ ಎಳೆದು ನೋಡಿ. ನಡುವಿನಲ್ಲಿ ಅವು ಒಂದಕ್ಕೊಂದು ಸೋಕಿದರೆ ಚೌಕಟ್ಟು ಸಮತಲದಲ್ಲಿದೆ. ಕೆಳಗಿನ ದಾರ ಮೇಲಿನದನ್ನು ಒತ್ತಿ ಎತ್ತುತ್ತಿದ್ದರೆ, ಅಥವಾ ಎರಡರ ನಡುವೆ ಬೆಳಕು ಕಂಡರೆ, ಚೌಕಟ್ಟು ತಿರುಚಿಕೊಂಡಿದೆ ಎಂದರ್ಥ. ಒಂದು ಕಡೆಗೆ ಓರೆಯಾದ ಸ್ಟ್ಯಾಂಡನ್ನು ಕೆಳಗೆ ಬಿಲ್ಲೆ ಕೊಟ್ಟು ಸರಿಪಡಿಸಬಹುದು, ತಿರುಚಿಕೊಂಡದ್ದನ್ನು ಆಗುವುದಿಲ್ಲ, ಮತ್ತು ಗಾಜಿನ ತಳ ಬಿರಿಯುವುದು ಸಾಮಾನ್ಯವಾಗಿ ಈ ತಿರುಚಿನಿಂದಲೇ. ಹಾಗಾಗಿ ಈ ದಾರದ ಪರೀಕ್ಷೆಗೆ ಬೇಸರಪಡಬೇಡಿ.

ಅಂಟು ಆರಲು ಒಂದು ದಿನ ಬಿಟ್ಟು, ಆ ಬಿಡುವಿನಲ್ಲಿ ಮೂಲೆಗಂಬಗಳನ್ನು ಮಾಡಿಕೊಳ್ಳಿ. ಪ್ರತಿ ಮೂಲೆಗೂ ಎರಡು ಕಂಬದ ತುಂಡು, ಒಂದು ಚೌಕ ರೀಪು. ಮುಂಭಾಗದ ತುಂಡಿನ ಹಿಂಬದಿಗೆ, ಹೊರ ಅಂಚುಗಳು ಸೇರುವಂತೆ, ಪಕ್ಕದ ತುಂಡನ್ನು L ಆಕಾರ ಬರುವಂತೆ ಲಂಬಕೋನದಲ್ಲಿ ಅಂಟಿಸಿ ಬಿಗಿಯಿರಿ. ಅವೆರಡು ಸೇರಿದ ಒಳಮೂಲೆಯಲ್ಲಿ ರೀಪನ್ನು ಕೂರಿಸಿ. ರೀಪು ಕಂಬಕ್ಕಿಂತ ಉದ್ದ, ಮೇಲೂ ಕೆಳಗೂ ಸರಿಯಾಗಿ 3 ಇಂಚು ಹೊರಗೆ ಚಾಚಿರಬೇಕು. ಈ ಚಾಚುಗಳೇ ಮೇಲಿನ ಮತ್ತು ಕೆಳಗಿನ ಚೌಕಟ್ಟುಗಳ ಒಳಮೂಲೆಯಲ್ಲಿ ಗೂಟದಂತೆ ಇಳಿದು ಇಡೀ ಸ್ಟ್ಯಾಂಡನ್ನು ಹಿಡಿದಿಡುತ್ತವೆ. ನಾಲ್ಕು ಕಂಬಗಳನ್ನೂ ಒಂದೇ ಥರ ಮಾಡಿದರೆ ಸಾಕು. ಎಡದ್ದನ್ನು ತಲೆಕೆಳಗು ಮಾಡಿದರೆ ಅದೇ ಬಲದ್ದಾಗುತ್ತದೆ. ಇದು ಹೊಳೆಯದೆ ನಾನು ಎರಡು ಎಡ, ಎರಡು ಬಲ ಎಂದು ಬೇರೆ ಬೇರೆ ನಕ್ಷೆ ಬರೆದು ಅರ್ಧ ದಿನ ಕಳೆದಿದ್ದೆ.

ಈಗ ಕೆಳಚೌಕಟ್ಟನ್ನು ನೆಲಕ್ಕಿಟ್ಟು, ತಳಹಲಗೆಯನ್ನು ಅದರ ಮೇಲೆ ಹಾಸಿ. ಅದಕ್ಕೂ ಮುಂಚೆ ಹಲಗೆಯ ನಾಲ್ಕು ಮೂಲೆಗಳಲ್ಲಿ, ಉದ್ದದ ಕಡೆಗೆ 3, ಅಗಲದ ಕಡೆಗೆ 4½ ಇಂಚಿನಷ್ಟು ಕತ್ತರಿಸಿರಬೇಕು, ಹಿಂಬದಿಯ ನಡುವಿನಲ್ಲಿ 3 × 1½ ಇಂಚು. ಕಂಬದ ಬುಡ ಪ್ಲೈ ಮೇಲೆ ಕೂರದೆ ನೇರವಾಗಿ ಚೌಕಟ್ಟಿನ ಮರದ ಮೇಲೆ ಕೂರಲೆಂದು ಈ ಕಚ್ಚುಗಳು. ಈ ಹಲಗೆಯನ್ನು ಆಮೇಲೆ ಹಾಕಿಕೊಳ್ಳೋಣ ಎಂದರೆ ಆಗುವುದಿಲ್ಲ. ಕಂಬಗಳು ನಿಂತ ಮೇಲೆ ಅದು ಯಾವ ಕಡೆಯಿಂದಲೂ ಒಳಗೆ ತೂರುವುದಿಲ್ಲ.

ಕಂಬಗಳ ಬುಡಕ್ಕೆ ಅಂಟು ಹಚ್ಚಿ ನಿಲ್ಲಿಸಿ, ಒಳಗಿನಿಂದ ರೀಪಿನ ಮೂಲಕ ಚೌಕಟ್ಟಿಗೆ 2½ ಇಂಚಿನ ಸ್ಕ್ರೂಗಳನ್ನು ಎರಡೂ ದಿಕ್ಕಿಗೆ ಹಾಕಿ. ಒಂಬತ್ತನೆಯ ತುಂಡು ಹಿಂಬದಿಯ ನಡುಗಂಬ. ಎಲ್ಲವೂ ನಿಂತ ಮೇಲೆ ಮೇಲಿನ ಚೌಕಟ್ಟನ್ನು ಟೋಪಿಯಂತೆ ಇಳಿಸಿ, ಕಂಬ ಮತ್ತು ಪಟ್ಟಿಗಳ ನಡುವೆ ಕಾಗದದ ಹಾಳೆ ತೂರುವಷ್ಟೂ ಸಂದು ಇಲ್ಲದಂತೆ ಕೊಡತಿಯಿಂದ ತಟ್ಟಿ, ಆಮೇಲೆ ಸ್ಕ್ರೂ ಬಿಗಿಯಿರಿ. ಸಂದು ಉಳಿಸಿಕೊಂಡು ಬಿಗಿದರೆ ಅಲ್ಲಿ ಭಾರ ಹೊರುವುದು ಮತ್ತೆ ಸ್ಕ್ರೂವೇ.

ಪ್ಲೈ ಹೊದಿಕೆ ಮತ್ತು ಬಾಗಿಲು

ಈ ಹಂತದಲ್ಲಿ ಚೌಕಟ್ಟನ್ನು ಪಕ್ಕದಿಂದ ತಳ್ಳಿದರೆ ಸ್ವಲ್ಪ ಅಲುಗುತ್ತದೆ. ಹಿಂಬದಿಯ ಹಲಗೆಯನ್ನು ಬಿಗಿದ ಕೂಡಲೇ ಆ ಅಲುಗಾಟ ನಿಂತುಹೋಗುವುದನ್ನು ನೋಡುವುದೇ ಒಂದು ಖುಷಿ. ಇದು ಅಂದಕ್ಕಾಗಿ ಹಾಕುವ ಹಲಗೆಯಲ್ಲ. ಆಯತ ಓರೆಯಾಗದಂತೆ ತಡೆಯುವುದು ಇದೇ. ಮೇಲಿನ ಪಟ್ಟಿ, ಕೆಳಗಿನ ಪಟ್ಟಿ, ಮೂರು ಕಂಬಗಳು, ಎಲ್ಲಕ್ಕೂ ಆರಾರು ಇಂಚಿಗೊಂದು ಸ್ಕ್ರೂ ಬೀಳಲಿ. ಪಕ್ಕದ ಹಲಗೆಗಳು ಹಿಂಬದಿಯ ಹಲಗೆಯ ಅಂಚನ್ನೂ ಮುಚ್ಚುವಂತೆ ಬರುತ್ತವೆ. ಬಾಡಿಗೆ ಮನೆಯಲ್ಲಿರುವವರು ಇವಕ್ಕೆ ಅಂಟು ಹಾಕದೆ ಸ್ಕ್ರೂ ಮಾತ್ರ ಹಾಕಿಕೊಂಡರೆ ಮನೆ ಬದಲಿಸುವಾಗ ಬಿಚ್ಚಬಹುದು.

ಹಿಂಬದಿಯಲ್ಲಿ ಪೈಪು, ವೈರುಗಳಿಗೆ ಎರಡಿಂಚಿನ ಎರಡು ತೂತು ಕೊರೆಯಿರಿ, ಕಂಬದಿಂದ ನಾಲ್ಕಿಂಚು ದೂರದಲ್ಲಿ. ಕ್ಯಾನಿಸ್ಟರ್ ಫಿಲ್ಟರ್ (ತೊಟ್ಟಿಯ ಹೊರಗೆ ಕೂರುವ ಡಬ್ಬಿಯಂಥ ಫಿಲ್ಟರು) ಇಡುವ ಯೋಚನೆ ಇದ್ದರೆ ಅದರ ಎತ್ತರವನ್ನೂ, ಮುಚ್ಚಳ ತೆಗೆಯಲು ಬೇಕಾದ ಜಾಗವನ್ನೂ ಈಗಲೇ ನೋಡಿಕೊಳ್ಳಿ. ನಮ್ಮಲ್ಲಿ ಒಳಗೆ ಸುಮಾರು 22½ ಇಂಚು ಸಿಗುತ್ತದೆ. ಎಕ್ಸ್‌ಟೆನ್ಷನ್ ಬೋರ್ಡನ್ನು ತಳದಲ್ಲಿಡದೆ ಒಳಪಕ್ಕದ ಹಲಗೆಗೆ ಎತ್ತರದಲ್ಲಿ ಹೊಡೆಯಿರಿ, ಪ್ರತಿ ವೈರೂ ಪ್ಲಗ್ಗಿಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಜೋತುಬಿದ್ದು ಮೇಲೇರಲಿ. ವೈರಿನ ಗುಂಟ ಇಳಿಯುವ ನೀರು ಆ ಜೋಲಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಬಾಗಿಲುಗಳನ್ನು ಮುಂಚಿತವಾಗಿ ಕೊಯ್ದಿಡಬೇಡಿ. ಕೂಡಿಸಿದ ಮೇಲೆ ಮುಂಭಾಗದ ಬಾಯಿಯನ್ನು ಅಳೆದು, ಸುತ್ತಲೂ 3-4 ಮಿ.ಮೀ. ಸಂದು ಬಿಟ್ಟು ಕೊಯ್ಯಿರಿ; ಪ್ರತಿಯೊಂದೂ ಸುಮಾರು 14¾ ಇಂಚು ಅಗಲ, 22¼ ಇಂಚು ಎತ್ತರ ಬರುತ್ತದೆ. ಮೇಲ್ಹಲಗೆಯನ್ನು ಕೊನೆಯಲ್ಲಿ ಬಿಗಿದು, ಸ್ಕ್ರೂ ತಲೆಗಳು ಮೇಲ್ಮೈಗಿಂತ ಒಂದು ಮಿ.ಮೀ. ಕೆಳಗೆ ಕೂರುವಂತೆ ನೋಡಿ. ಒಂದು ತಲೆ ಎದ್ದುಕೊಂಡಿದ್ದರೂ ಗಾಜಿಗೆ ಅದು ಮುಳ್ಳು.

ಪಾಲಿಷ್

120, 180, 220 ನಂಬರಿನ ಉಪ್ಪುಕಾಗದಗಳನ್ನು ಕ್ರಮವಾಗಿ, ಮರದ ನಾರಿನ ಗುಂಟ ಉಜ್ಜಿ. ಪಾಲಿಯುರೆಥೇನ್ ಪಾಲಿಷ್‌ನ ಸೀಲರ್ ಎರಡು ಕೈ, ಮೇಲೆ ಪಾಲಿಷ್ ಮೂರು ಕೈ. ಹೆಚ್ಚು ಗಮನ ಬೇಕಾದ್ದು ಕಣ್ಣಿಗೆ ಬೀಳದ ಕಡೆಗಳಲ್ಲಿ: ಪಟ್ಟಿಗಳ ಕೊಯ್ದ ತುದಿ, ಪ್ಲೈನ ಅಂಚು, ಕೊರೆದ ತೂತಿನ ಒಳಮೈ, ಕೆಳಚೌಕಟ್ಟಿನ ಅಡಿ. ಕೊಯ್ದ ತುದಿ ನೀರನ್ನು ಹೀರುವ ಬಾಯಿ ಇದ್ದಂತೆ. ಅಲ್ಲಿಗೆ ಇನ್ನೂ ಎರಡು ಕೈ ಹೆಚ್ಚಿಗೆ ಬೀಳಲಿ. ಒಳಭಾಗಕ್ಕೆ ಬಿಳಿ ಬಣ್ಣ ಬಳಿದರೆ ಫಿಲ್ಟರಿನ ಪೈಪು ಜಿನುಗಿದಾಗ ಮೊದಲ ದಿನವೇ ಕಾಣುತ್ತದೆ.

ಗೆದ್ದಲಿನ ಔಷಧಿಯ ವಿಷಯದಲ್ಲಿ ಎಚ್ಚರ ಬೇಕು. ಮರಕ್ಕೆ ಸಾಮಾನ್ಯವಾಗಿ ಬಳಿಯುವ ಕ್ಲೋರ್‌ಪೈರಿಫಾಸ್ ಅತ್ಯಲ್ಪ ಪ್ರಮಾಣದಲ್ಲೂ ಮೀನಿಗೆ ವಿಷ. ಚೇಗುಮರವನ್ನೇ ಆರಿಸಿ ಪಾಲಿಷ್ ಸರಿಯಾಗಿ ಮಾಡಿದ್ದರೆ ಅದರ ಅಗತ್ಯ ಬೀಳುವುದಿಲ್ಲ. ಪಾಲಿಷ್ ಮುಗಿದ ಮೇಲೂ ಎರಡು ವಾರ ಗಾಳಿಗೆ ಬಿಟ್ಟು, ಬಾಗಿಲು ತೆರೆದು ಮೂಸಿದಾಗ ತಿನ್ನರ್ ವಾಸನೆ ಪೂರ್ತಿ ಹೋಗಿದ್ದರೆ ಮಾತ್ರ ತೊಟ್ಟಿ ತನ್ನಿ.

ಕೂರಿಸಿ, ಮಟ್ಟ ನೋಡಿ, ನೀರು ತುಂಬಿಸುವುದು

ಕೆಳಚೌಕಟ್ಟಿನ ಅಡಿಯಲ್ಲಿ, ಕಂಬಗಳ ನೇರಕ್ಕೆ, 5 ಮಿ.ಮೀ. ದಪ್ಪದ ಗಟ್ಟಿ ರಬ್ಬರ್ ಅಥವಾ ಪಿವಿಸಿ ತುಂಡುಗಳನ್ನು ಅಂಟಿಸಿ. ಆ ಐದು ಮಿ.ಮೀ. ಅಂತರವೇ ಒರೆಸುವ ಬಟ್ಟೆಯ ನೀರಿನಿಂದ ಮರವನ್ನು ಕಾಪಾಡುವುದು. ನನ್ನ ಮೊದಲ ಸ್ಟ್ಯಾಂಡಿಗೆ ಇದೊಂದು ಇದ್ದಿದ್ದರೆ ಇನ್ನೂ ಎರಡು ವರ್ಷ ಬಾಳುತ್ತಿತ್ತೇನೋ.

ರಸಮಟ್ಟವನ್ನು ಉದ್ದಕ್ಕೆ, ಅಡ್ಡಕ್ಕೆ, ಎರಡೂ ಕರ್ಣಗಳಿಗೆ ಇಟ್ಟು ನೋಡಿ. ತಗ್ಗಿದ್ದ ಮೂಲೆಯ ಕೆಳಗೆ ಪಿವಿಸಿ ಬಿಲ್ಲೆ ಸೇರಿಸಿ. ರಟ್ಟು, ಮಡಚಿದ ಪತ್ರಿಕೆ ಇವು ವಾರದಲ್ಲಿ ಅದುಮಿಕೊಳ್ಳುತ್ತವೆ. ಬಿಲ್ಲೆ ಯಾವಾಗಲೂ ಸ್ಟ್ಯಾಂಡಿನ ಕೆಳಗೆ, ತೊಟ್ಟಿಯ ಕೆಳಗೆ ಎಂದಿಗೂ ಅಲ್ಲ. ಮೂರಡಿ ಉದ್ದಕ್ಕೆ ಒಂದೆರಡು ಮಿ.ಮೀ. ವ್ಯತ್ಯಾಸ ಉಳಿದರೆ ಚಿಂತೆಯಿಲ್ಲ.

ಮೇಲ್ಹಲಗೆಯ ಮೇಲೆ, ತೊಟ್ಟಿಗೆ ಕೆಳಗೆ ಪ್ಲಾಸ್ಟಿಕ್ ಚೌಕಟ್ಟು ಇಲ್ಲದಿದ್ದರೆ, 10 ಮಿ.ಮೀ. ಥರ್ಮಾಕೋಲ್ ಹಾಳೆ ಹಾಸಬೇಕು. ಸಿಲಿಕೋನ್‌ನಲ್ಲಿ ಅಂಟಿಸಿದ ನಮ್ಮ ಊರಿನ ತೊಟ್ಟಿಗಳು ಬಹುಪಾಲು ಈ ಬಗೆಯವೇ. ಅಂಚಿಗೆ ಚೌಕಟ್ಟು ಇದ್ದು, ಗಾಜಿನ ತಳ ಮೇಲಕ್ಕೆ ಎದ್ದಿರುವ ತೊಟ್ಟಿಗೆ ಹಾಳೆ ಹಾಕಬಾರದು, ಅದು ತಳವನ್ನು ಅನಗತ್ಯವಾಗಿ ಒತ್ತುತ್ತದೆ. ಹಾಸುವ ಮುಂಚೆ ಹಲಗೆಯನ್ನು ಅಂಗೈಯಿಂದ ಒರೆಸಿ. ಒಂದು ಕಾಳಿನಷ್ಟು ಜಲ್ಲಿ ಸಿಕ್ಕಿಕೊಂಡರೂ ಅಪಾಯ. ತೊಟ್ಟಿಯ ಗಾಜಿನ ಅಂಚು ಒಳಗಿನ ಚೌಕಟ್ಟಿನ ನೇರಕ್ಕೆ ಬರಬೇಕಾದ್ದರಿಂದ ಎಡಬಲಕ್ಕೆ ಅರ್ಧರ್ಧ ಇಂಚು, ಹಿಂದೆ ಮುಂದೆಯೂ ಅರ್ಧರ್ಧ ಇಂಚು ಹಲಗೆ ಉಳಿಯುವಂತೆ ಕೂರಿಸಿ.

ನೀರನ್ನು ಒಂದೇ ಸಲಕ್ಕೆ ತುಂಬಬೇಡಿ. ಮೂರನೇ ಒಂದು ಭಾಗ ತುಂಬಿ, ಒಂದು ಗಂಟೆ ಬಿಟ್ಟು, ನೀರಿನ ಮೇಲ್ಮೈಯಿಂದ ಗಾಜಿನ ಮೇಲಂಚಿಗೆ ನಾಲ್ಕೂ ಮೂಲೆಗಳಲ್ಲಿ ಅಳೆದು ಬರೆದುಕೊಳ್ಳಿ. ನೀರಿಗಿಂತ ನಿಖರವಾದ ಮಟ್ಟಗೋಲು ಇನ್ನೊಂದಿಲ್ಲ. ವ್ಯತ್ಯಾಸ 2 ಮಿ.ಮೀ. ದಾಟಿದರೆ ನೀರು ತೆಗೆದು, ಬಿಲ್ಲೆ ಸರಿಪಡಿಸಿ. ನೀರು ತುಂಬಿದ ತೊಟ್ಟಿಯ ಸ್ಟ್ಯಾಂಡನ್ನು ಹಾರೆ ಹಾಕಿ ಎತ್ತುವ ಸಾಹಸ ಬೇಡ. ಮೂರನೇ ಎರಡು ಭಾಗಕ್ಕೆ ಮತ್ತೊಮ್ಮೆ, ಪೂರ್ತಿ ತುಂಬಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಹಾಗೆಯೇ ಒಂದು ದಿನ ಬಿಟ್ಟು, ಕೂಡಿಕೆಗಳ ಸುತ್ತ ಒಣ ಟಿಶ್ಯೂ ಕಾಗದ ಎಳೆದು ತೇವವಿಲ್ಲವೆಂದು ನೋಡಿಕೊಂಡ ಮೇಲೆ ಜಲ್ಲಿ, ಗಿಡಗಳ ಕೆಲಸಕ್ಕೆ ಕೈಹಾಕಬಹುದು.

ಮುಂದಿನ ತಿಂಗಳುಗಳಲ್ಲಿ ಸ್ಟ್ಯಾಂಡಿನ ಆರೋಗ್ಯ ತಿಳಿಯಲು ರಸಮಟ್ಟ ಹೊರತೆಗೆಯಬೇಕಾಗಿಲ್ಲ. ಎರಡು ಬಾಗಿಲುಗಳ ನಡುವೆ ಬಿಟ್ಟ ಸಂದಿನಲ್ಲಿ ಒಂದು ನಾಣ್ಯವನ್ನು ಮೇಲಿನಿಂದ ಕೆಳಗೆ ಜಾರಿಸಿ. ಎಲ್ಲೂ ಹಿಡಿಯದೆ ಜಾರಿದರೆ ಚೌಕಟ್ಟು ಕದಲಿಲ್ಲ. ನಾನು ಪ್ರತಿ ಮಳೆಗಾಲದ ಕೊನೆಗೆ ಹೀಗೆ ನೋಡುತ್ತೇನೆ.